ಸೋರುವ ತೊಟ್ಟಿಗಳೂ ನಾನು ಕಂಡ ದೆವ್ವಗಳೂ

ಪೈಪು ರಿಪೇರಿ ಮಾಡುವವನ ಬದುಕಿನಲ್ಲಿ ವರ್ಷಕ್ಕೆ ಎರಡು ಮೂರು ದೆವ್ವಗಳಾದರೂ ಬಂದೇ ಬರುತ್ತವೆ. ಬರಬ್ಯಾಡ್ರಪ್ಪ ಅಂದರೂ ಕೇಳುವುದಿಲ್ಲ. ನೀರು ಕದ್ದು ಹರಿಯುವ ಕಡೆ ಒಂದು ಸದ್ದು ಇರುತ್ತದೆ, ಸ್ವಲ್ಪ ತೇವ ಇರುತ್ತದೆ, ಕತ್ತಲೆ ಇರುತ್ತದೆ. ಇಷ್ಟು ಸಿಕ್ಕರೆ ಸಾಕು, ಉಳಿದದ್ದನ್ನು ಮನೆಯವರೇ ಸೇರಿಸಿಕೊಳ್ಳುತ್ತಾರೆ.

ನಾನು ಮೊದಲು ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಪೈಪ್ ಫಿಟ್ಟರ್ ಆಗಿದ್ದವನು. ಮಿಲ್ಲು ಮುಚ್ಚಿದ ಮೇಲೆ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡು ಮನೆಮನೆ ತಿರುಗಿದೆ. ಊರು ಹೊಸದಾಗಿ ಜಿಲ್ಲೆಯಾದ ಕಾಲ. ಆಗ ಸ್ವಲ್ಪ ಅನುಕೂಲಸ್ಥರಿಗೆಲ್ಲ ಮನೆಯಲ್ಲಿ ಮೀನು ಸಾಕುವ ಹುಚ್ಚು ಹಿಡಿದಿತ್ತು. ಗಾಜಿನ ಅಂಗಡಿಯವರೊಬ್ಬರು ಮುಂಬಯಿಗೆ ಹೋಗಿ ಬಂದು ಹೊಸ ನಮೂನೆಯ ತೊಟ್ಟಿ ಮಾಡಿಕೊಡುತ್ತಿದ್ದರು. ಮೇಲೆ ಮೀನಿನ ತೊಟ್ಟಿ. ಅದರ ಕೆಳಗೆ ಮರದ ಕಪಾಟು. ಕಪಾಟಿನೊಳಗೆ ಇನ್ನೊಂದು ಗಾಜಿನ ತೊಟ್ಟಿ. ಅದಕ್ಕೆ ಸಂಪು ಅಂತ ಹೆಸರು. ಮೇಲಿನ ನೀರು ಒಂದು ಪೈಪಿನಲ್ಲಿ ಇಳಿದು ಸಂಪಿಗೆ ಬಂದು, ಸ್ಪಂಜು, ಜಲ್ಲಿ ದಾಟಿ ಸೋಸಿಕೊಂಡು, ಸಣ್ಣ ಮೋಟರಿನಿಂದ ಮತ್ತೆ ಮೇಲಕ್ಕೆ ಹೋಗಬೇಕು. ಹೋಗುತ್ತಿತ್ತು ಕೂಡ. ಆದರೆ ಗಾಜಿಗೆ ತೂತು ಕೊರೆದು ಕೂರಿಸಿದ ನಿಪ್ಪಲ್ಲು ಎಂಬ ತುಂಡು ಪೈಪು, ಮೂಲೆ ತಿರುಗಿಸುವ ಎಲ್ಬೋ, ವಾಲ್ವು, ಇವುಗಳಲ್ಲಿ ಯಾವುದಾದರೂ ಒಂದು, ಮೂರು ತಿಂಗಳಿಗೆ ಸೋರಲು ಶುರುವಾಗುತ್ತಿತ್ತು. ಆಗ ಅಂಗಡಿಯವರು ನನ್ನನ್ನು ಕಳಿಸುತ್ತಿದ್ದರು. ಕಪಾಟಿನೊಳಗೆ ತಲೆ ತೂರಿಸಿ ಮಲಗುವ ಕೆಲಸ ನನ್ನದು. ತಲೆ ಒಳಗಿದ್ದಾಗ ಹಿಂದೆ ಯಾರು ಬಂದು ನಿಂತರೂ ಗೊತ್ತಾಗುವುದಿಲ್ಲ. ಅದೇ ತೊಂದರೆ.

ಕೆಮ್ಮು

ಸರಸ್ವತಿ ನಗರದ ಒಂದು ಮನೆ. ಶಾಲೆಯ ನಿವೃತ್ತ ಹೆಡ್ ಮೇಡಮ್ಮು, ಮಗ, ಸೊಸೆ. ನಾನು ಹೋದಾಗ ಮಗ ಸೊಸೆ ಕೆಲಸಕ್ಕೆ ಹೋಗಿದ್ದರು, ಮೇಡಮ್ಮು ಒಬ್ಬರೇ ಇದ್ದರು. ನಡುಮನೆಯಲ್ಲಿ ತೊಟ್ಟಿ, ತೊಟ್ಟಿಯ ಮೇಲುಗಡೆ ಗೋಡೆಗೆ ಅವರ ಯಜಮಾನರ ಫೋಟೋ, ಫೋಟೋಕ್ಕೆ ಗಂಧದ ಹಾರ. ಆ ತೊಟ್ಟಿ ಯಜಮಾನರೇ ಆಸೆಪಟ್ಟು ಹಾಕಿಸಿದ್ದಂತೆ. ಹಾಕಿಸಿ ಒಂದು ತಿಂಗಳಿಗೆ ತೀರಿಕೊಂಡಿದ್ದರು.

ಕರೆಂಟ್ ಇರಲಿಲ್ಲ. ನಾನು ಕಪಾಟಿನೊಳಗೆ ತಲೆ ತೂರಿಸಿ ನಿಪ್ಪಲ್ಲಿನ ವಾಷರ್ ಬದಲಾಯಿಸಿ, ಟೇಪು ಸುತ್ತಿ ಬಿಗಿ ಮಾಡುತ್ತಿದ್ದೆ. ಮನೆಯೆಲ್ಲ ನಿಶ್ಶಬ್ದ. ಹನ್ನೊಂದು ಗಂಟೆಗೆ ಕರೆಂಟ್ ಬಂತು. ಮೋಟರು ಗುಂಯ್ ಅಂದಿತು. ಆಮೇಲೆ ನನ್ನ ಕಿವಿಯ ಹಿಂದೆಯೇ, ಒಂದು ಗೇಣು ದೂರದಲ್ಲಿ, ಯಾರೋ ಗಂಡಸು ಗಂಟಲು ಸರಿಮಾಡಿಕೊಂಡು ಕೆಮ್ಮಿದರು.

"ಖ್ಹು... ಖ್ಹು ಖ್ಹು... ಖರ್‌ರ್."

ನಾನು ಎದ್ದ ರಭಸಕ್ಕೆ ತಲೆ ಕಪಾಟಿಗೆ ಬಡಿಯಿತು. ಹಿಂದೆ ಯಾರೂ ಇಲ್ಲ. ಫೋಟೋದಲ್ಲಿದ್ದವರು ಮಾತ್ರ ನನ್ನನ್ನೇ ನೋಡುತ್ತಿದ್ದಾರೆ. ಅಷ್ಟರಲ್ಲಿ ಅಡುಗೆಮನೆಯಿಂದ ಮೇಡಮ್ಮಿನ ದನಿ ಬಂತು: "ಬಂದೆ, ಬಂದೆ. ಚಾ ಇಡಕತ್ತೀನಿ. ಒಂದು ನಿಮಿಷ ತಡಕೊಳ್ಳಾಕೆ ಆಗಲ್ಲೇನು ನಿಮಗೆ?"

ಅವರು ಎರಡು ಲೋಟ ಚಹಾ ತಂದರು. ಒಂದು ನನಗೆ ಕೊಟ್ಟರು, ಇನ್ನೊಂದನ್ನು ತೊಟ್ಟಿಯ ಪಕ್ಕದ ಮೇಜಿನ ಮೇಲಿಟ್ಟರು.

ಕೆಲಸ ಕೆಲಸವೇ; ಕೆಮ್ಮಿದ್ದು ಏನು ಅಂತ ಹುಡುಕಿದೆ. ಕರೆಂಟ್ ಹೋದಾಗ ಇಳಿಯುವ ಪೈಪಿನಲ್ಲಿ ಗಾಳಿ ತುಂಬಿಕೊಳ್ಳುತ್ತಿತ್ತು. ಬಂದಾಗ ನೀರು ಅದನ್ನು ಹೊರಕ್ಕೆ ದಬ್ಬುತ್ತಿತ್ತು. ಅದೇ ಕೆಮ್ಮು. ಪೈಪಿನ ತಲೆಯಲ್ಲಿ ಗಾಳಿ ಹೋಗಲು ಸಣ್ಣ ತೂತು ಕೊರೆದು, ಕೆಮ್ಮು ನಿಂತಿದ್ದನ್ನು ಖಾತ್ರಿ ಮಾಡಿಕೊಂಡು, ದೊಡ್ಡ ಉಪಕಾರ ಮಾಡಿದವನ ಹಾಗೆ ಮನೆಗೆ ಬಂದೆ.

ಮೂರನೇ ದಿನ ಆ ಸೊಸೆ ನಮ್ಮ ಪಕ್ಕದ ಕಿರಾಣಿ ಅಂಗಡಿಗೆ ಫೋನು ಮಾಡಿ ನನ್ನನ್ನು ಕರೆಸಿದರು. "ಅತ್ತಿ ಊಟ ಬಿಟ್ಟಾರೆ. ದಯವಿಟ್ಟು ಬರ್ರಿ. ಅದು ಮೊದಲು ಹೆಂಗಿತ್ತೋ ಹಂಗೇ ಮಾಡಿಬಿಡ್ರಿ."

ಹೋದೆ. ತೂತು ಮುಚ್ಚಿದೆ. ಆದರೆ ಒಮ್ಮೆ ಬಿಚ್ಚಿದ ಪೈಪು ಮೊದಲಿನ ಹಾಗೆಯೇ ಕೂರುತ್ತದೆಯೇ? ಮೇಡಮ್ಮು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು. ನಾನು ವಾಲ್ವು ಒಂಚೂರು ತಿರುಗಿಸಿ ಮೋಟರು ಹಾಕುವುದು, ಅದು ಕೆಮ್ಮುವುದು, ಅವರು ತಲೆ ಅಲ್ಲಾಡಿಸುವುದು.

"ಅಲ್ಲ, ಇದು ಅವರದಲ್ಲ. ಇದು ನಮ್ಮ ಮೈದುನಂದು."

ಮತ್ತೆ ತಿರುಗಿಸಿದೆ.

"ಹತ್ತಿರ ಬಂತು. ಆದ್ರೆ ಇದು ಕಡೇ ಕಾಲದ್ದು."

"ಮತ್ತೆ ಯಾವ ಕಾಲದ್ದು ಬೇಕ್ರಿ ಮೇಡಮ್?" ಅಂದೆ.

"ಮದುವೆ ಆದ ಹೊಸದರಾಗಿಂದು ಮಾಡಪ್ಪ. ಕಡೇ ಕಾಲದ್ದರಾಗೆ ಕೆಮ್ಮಿನ ಹಿಂದೆ ಬೈಗಳ ಬರ್ತಿತ್ತು."

ಕೆಂಪು ಹನಿ

ಹಳೇ ಊರಿನ ಒಂದು ಎರಡಂತಸ್ತಿನ ಮನೆ. ಮೇಲೆ ಮಾಲೀಕರು, ಜವಳಿ ವ್ಯಾಪಾರಿಗಳು. ಕೆಳಗೆ ಬಾಡಿಗೆಗೆ ಒಬ್ಬ ಬ್ಯಾಂಕ್ ಗುಮಾಸ್ತರು, ಹೊಸದಾಗಿ ಮದುವೆಯಾದವರು. ನನ್ನನ್ನು ಕರೆದಿದ್ದು ಗುಮಾಸ್ತರು. "ಮ್ಯಾಲಿಂದ ಸೋರಕತ್ತೈತೆ" ಅಂತಷ್ಟೇ ಹೇಳಿ ಕಳಿಸಿದ್ದರು.

ಒಳಗೆ ಹೋದ ಕೂಡಲೇ ಕದ ಹಾಕಿ, ಗಂಡ ಹೆಂಡತಿ ಇಬ್ಬರೂ ಮೇಲಕ್ಕೆ ಬೆರಳು ತೋರಿಸಿದರು. ಸೂರಿನಲ್ಲಿ ಅಂಗೈಯಗಲದ ಒಂದು ಕಲೆ. ಕೆಂಪಗೆ. ಅದರ ನಡುವೆ ಒಂದು ಹನಿ ದಪ್ಪವಾಗಿ, ಜೋತು ಬಿದ್ದು, ಟಪ್ ಅಂತ ಕೆಳಗಿಟ್ಟ ಸ್ಟೀಲ್ ತಟ್ಟೆಗೆ ಬಿತ್ತು. ತಟ್ಟೆಯಲ್ಲಿ ಆಗಲೇ ಒಂದಿಷ್ಟು ನಿಂತಿತ್ತು.

"ನಿನ್ನೆ ಮಧ್ಯಾಹ್ನ ಅನ್ನದ ಮ್ಯಾಲೆ ಬಿತ್ರಿ," ಅಂದರು ಗುಮಾಸ್ತರು, ಪಿಸುದನಿಯಲ್ಲಿ. "ಮ್ಯಾಲೆ ಸಾವುಕಾರ್ರ ಹೆಂಡ್ತಿ ತಾಯಿ ಇದಾರೆ. ಅತ್ತೆಮ್ಮ. ದಿನಾ ಬೆಳಿಗ್ಗೆ ಕೋಲು ಊರ್ಕೊಂಡು ಟಕ್ ಟಕ್ ಅಂತ ಮೆಟ್ಲು ಇಳಿದು ಗುಡಿಗೆ ಹೋಗೋರು. ಮೂರು ದಿನ ಆತು, ಕೋಲಿನ ಸದ್ದಿಲ್ಲ. ಅದರ ಹಿಂದಿನ ಸಂಜೆ ಮ್ಯಾಲೆ ಜೋರು ಜಗಳ. ಈಗ ನೀವೇ ನೋಡ್ರಿ."

"ಪೊಲೀಸ್ರಿಗೆ ಹೇಳಬಾರದಾಗಿತ್ತಾ?" ಅಂದೆ.

"ಪೊಲೀಸ್ರು ಬಂದ್ರೆ ಮನೆ ಖಾಲಿ ಮಾಡಿಸ್ತಾರ್ರಿ. ಪ್ಲಂಬರ್ ಬಂದ್ರೆ ಯಾರಿಗೂ ಅನುಮಾನ ಬರಲ್ಲ. ನೀವು ಒಂದು ಸಲ ಹೋಗಿ ನೋಡಿಬನ್ನಿ."

ಬೇಡ ಅನ್ನಬೇಕಾಗಿತ್ತು. ಆ ಹೆಂಗಸು ಮೂಲೆಯಲ್ಲಿ ನಿಂತು ಸೆರಗು ಬಾಯಿಗೆ ಇಟ್ಟುಕೊಂಡು ಅಳುತ್ತಿದ್ದಳು. ಮೆಟ್ಟಿಲು ಹತ್ತಿದೆ. ಬಾಗಿಲು ತಟ್ಟಿದೆ. ಸ್ವಲ್ಪ ಹೊತ್ತಿಗೆ ಅದು ಅರ್ಧ ತೆರೆಯಿತು. ಜವಳಿ ಸಾವುಕಾರರು. ಬನಿಯನ್ನು, ಲುಂಗಿ. ಎರಡೂ ಕೈ ಮೊಣಕೈವರೆಗೆ ಕೆಂಪು.

"ಕೆಳಗೆ ಸೋರಕತ್ತೈತಂತೆ..." ಅಂದೆ.

"ಕೆಳಗಿಳೀತಾ ಅದು? ಥೂ!" ಅಂದರು. "ಬರ್ರಿ ಒಳಗೆ. ಬಾಗಿಲು ಹಾಕ್ಕೊಳ್ರಿ, ಬೆಕ್ಕು ಬರ್ತೈತೆ."

ಬಾಗಿಲು ಹಾಕಿಕೊಂಡೆ. ಅವರು ಕುರ್ಚಿಯಲ್ಲಿ ಕುಸಿದು ಕೂತು ನಿಟ್ಟುಸಿರು ಬಿಟ್ಟರು. "ಮೂರು ದಿನ ಕಷ್ಟಪಟ್ಟೆ. ಇವತ್ತು ಬೆಳಿಗ್ಗೆ ಜೀವ ಹೋತು. ಬಹಳ ವರ್ಷದಿಂದ ನಮ್ಮ ಮನೆಯಾಗಿದ್ದ ಜೀವ ನೋಡ್ರಿ. ತಿನ್ನೋದ್ರಾಗೆ ಎಲ್ಲರಿಗಿಂತ ಮುಂದೆ, ಉಳಿದೋರಿಗೆ ಬಿಡ್ತಿರಲಿಲ್ಲ. ಆದ್ರೂ ಹೋದ ಮ್ಯಾಲೆ ಬ್ಯಾಸರ ಆಗ್ತೈತೆ."

"ಈಗ... ಎಲ್ಲಿ?"

"ಹಿತ್ಲಾಗೆ. ಕರಿಬೇವಿನ ಗಿಡದ ಬುಡಕ್ಕೆ ಹಾಕಿದೆ. ಗಿಡಕ್ಕೂ ಒಳ್ಳೇದು." ಆಮೇಲೆ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. "ಇನ್ನೊಂದು ಐತೆ. ಅದೂ ಇವತ್ತೋ ನಾಳೆಯೋ."

ನಾನು ಕೈ ಹಿಂದೆ ಮಾಡಿ ಅಗುಳಿ ಹುಡುಕುತ್ತಿದ್ದೆ. ಅವರು ಎದ್ದು ಒಳಕೋಣೆಯ ಪರದೆ ಸರಿಸಿದರು. ಅಲ್ಲಿ ತೊಟ್ಟಿ. ತೊಟ್ಟಿ ತುಂಬ ಮೀನಿನ ಜ್ವರಕ್ಕೆ ಹಾಕುವ ಕೆಂಪು ಔಷಧಿ. ನಡುವೆ ಒಂದು ದೊಡ್ಡ ಮೀನು ಅಡ್ಡ ವಾಲಿಕೊಂಡು ಬಾಯಿ ಬಿಡುತ್ತಿತ್ತು. ಕೆಳಗೆ ಸಂಪಿನ ಎಲ್ಬೋ ಬಿರುಕು ಬಿಟ್ಟು ಕೆಂಪು ನೀರು ನೆಲಕ್ಕೆ ಇಳಿಯುತ್ತಿತ್ತು.

ಆಗಲೇ ಪಕ್ಕದ ಬಾಗಿಲಿಂದ ಅತ್ತೆಮ್ಮ ಕುಂಟುತ್ತಾ ಬಂದರು. ಕಾಲಿಗೆ ಪಟ್ಟಿ ಕಟ್ಟಿತ್ತು. ಕಾಲು ಉಳುಕಿ ಮೂರು ದಿನದಿಂದ ಮೆಟ್ಟಿಲು ಇಳಿದಿರಲಿಲ್ಲವಂತೆ. "ಯಾರಪ್ಪ ನೀನು? ಯಾಕ ಹಂಗ ನಗ್ತಿ?" ಅಂತ ಕೇಳಿದರು.

ನಾನು ಹೋಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಆ ಮನೆಯಲ್ಲಿ ಅತ್ತೆಮ್ಮ ಬದುಕಿದ್ದಕ್ಕೆ ಅಷ್ಟು ಸಂತೋಷಪಟ್ಟವನು ನಾನೊಬ್ಬನೇ ಅಂತ ಅಳಿಯಂದಿರ ಮುಖ ನೋಡಿದ ಮೇಲೆ ಗೊತ್ತಾಯಿತು.

ಕುಡಿಯುವುದು ಯಾರು?

ಇದು ಚಿಕ್ಕದು. ಒಂದು ಮನೆಯ ತೊಟ್ಟಿಯಲ್ಲಿ ದಿನಕ್ಕೆ ಎರಡು ಕೊಡ ನೀರು ಕಡಿಮೆಯಾಗುತ್ತಿತ್ತು. ನೆಲ ಒಣಗಿದೆ, ಗೋಡೆ ಒಣಗಿದೆ. ಪ್ರತಿ ಫಿಟ್ಟಿಂಗಿನ ಕೆಳಗೆ ಹಳೇ ಪೇಪರು ಹಾಸಿ ಒಂದು ಗಂಟೆ ಕಾದೆ, ಒಂದು ಹನಿಯಿಲ್ಲ. ಸೊಸೆ ಹೆದರಿ ನಡುಮನೆಗೇ ಬರುತ್ತಿರಲಿಲ್ಲ. ಅತ್ತೆ ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದರು: "ಸೋರೋದಲ್ಲಪ್ಪ ಇದು. ಏನೋ ಬಂದು ಕುಡೀತೈತೆ. ಬಾಯಾರಿದ್ದು."

ಹೊರಗೆ ಬೀಡಿ ಸೇದಲು ಹೋದೆ. ಬಿರುಬೇಸಿಗೆಯಲ್ಲಿ ಬೀದಿಯ ಗಿಡಗಳೆಲ್ಲ ಒಣಗಿದ್ದರೆ, ಇವರ ಗುಲಾಬಿ ಕುಂಡಗಳು ಮಾತ್ರ ತೊಯ್ದು ತೊಪ್ಪೆ. ಬೋಗುಣಿ ಗಾತ್ರದ ಹೂವು. ಒಂದು ಕುಂಡದ ಮಣ್ಣಿನ ಮೇಲೆ ಮೀನಿಗೆ ಹಾಕುವ ಕಾಳು ಬಿದ್ದಿತ್ತು. ತಿರುಗಿದರೆ ಹಿಂದೆ ಅತ್ತೆ.

"ಮೀನಿನ ನೀರು ಹಾಕಿದ್ರೆ ಗಿಡ ಬಹಳ ಚಂದ ಬರ್ತೈತೆ ಕಣಪ್ಪ," ಅಂದರು ಮೆಲ್ಲಗೆ. "ನಾನು ಹಾಕ್ತೀನಿ ಅಂದ್ರೆ ಸೊಸಿ ಬಿಡ್ತಾಳಾ? ದೆವ್ವ ಕುಡೀತೈತೆ ಅಂದ್ರೆ ಸುಮ್ಮನಿರ್ತಾಳೆ."

ಹೊರಡುವಾಗ ಸೊಸೆ ಬಾಗಿಲ ಸಂದಿಯಿಂದ ಕೇಳಿದರು: "ಸೋರೋದು ಎಲ್ಲಿ ಅಂತ ಸಿಕ್ತೇನ್ರಿ?"

"ಸಿಕ್ತು ಅಕ್ಕಾರೆ," ಅಂದೆ. "ಆದ್ರೆ ಅದು ಟೈಟ್ ಮಾಡೋಕೆ ಬರೋ ಫಿಟ್ಟಿಂಗ್ ಅಲ್ಲ."

ಹರಿಹರದ ಡಾಕ್ಟರು

ಹರಿಹರದಲ್ಲಿ, ಹೊಳೆಗೆ ಹೋಗುವ ದಾರಿಯಲ್ಲಿ ಒಬ್ಬ ಡಾಕ್ಟರು ರೋಗಿಗಳನ್ನು ನೋಡುವ ಶಾಪಿತ್ತು. ಕಾಯುವ ರೋಗಿಗಳಿಗೆ ಮನಸ್ಸಿಗೆ ಹಿತವಾಗಲಿ ಅಂತ ಹೊರಕೋಣೆಯಲ್ಲಿ ದೊಡ್ಡ ತೊಟ್ಟಿ ಇಡಿಸಿ ಹನ್ನೆರಡು ಬಂಗಾರದ ಮೀನು ಬಿಟ್ಟಿದ್ದರು. ಹಿತವೇನೋ ಆಯಿತು. ಆಮೇಲೆ ಮೀನು ಕಡಿಮೆಯಾಗಲು ಶುರುವಾದವು.

ಸತ್ತು ತೇಲಲಿಲ್ಲ. ನೆಲಕ್ಕೆ ಹಾರಿ ಬೀಳಲಿಲ್ಲ. ತೊಟ್ಟಿಗೆ ಗಾಜಿನ ಮುಚ್ಚಳ ಇತ್ತು. ಇದ್ದಕ್ಕಿದ್ದ ಹಾಗೆ ಹನ್ನೆರಡು ಹನ್ನೊಂದಾಯಿತು, ಹನ್ನೊಂದು ಹತ್ತಾಯಿತು. ಮೊದಲ ಮೀನು ಹೋದ ವಾರವೇ ಒಬ್ಬ ಹಳೇ ರೋಗಿ ತೀರಿಕೊಂಡರು. ಎರಡನೇ ಮೀನಿನ ಹಿಂದೆ ಇನ್ನೊಬ್ಬರು. ಇಬ್ಬರಿಗೂ ಎಂಬತ್ತು ದಾಟಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತವರು ಮೀನು ಎಣಿಸತೊಡಗಿದರು. ಬೀದಿಯಲ್ಲಿ ಕಾಂಪೌಂಡರ್ ಸಿಕ್ಕರೆ ಜನ ಮೊದಲು ಕೇಳುವುದು: "ಇವತ್ತು ಎಷ್ಟು ಅದಾವೆ?" ಐದಕ್ಕೆ ಇಳಿದಾಗ ಬರುವ ರೋಗಿಗಳೂ ಐದಕ್ಕೆ ಇಳಿದರು.

ನನ್ನನ್ನು ಕರೆದಿದ್ದು ಮೀನಿಗಲ್ಲ. ಕಪಾಟಿನ ಕೆಳಗೆ ನೀರು ಒಸರಿ ನೆಲ ಜಾರುತ್ತಿತ್ತು, ಅದಕ್ಕೆ. ಡಾಕ್ಟರು ಸಪ್ಪಗೆ ಕೂತಿದ್ದರು. ಕಾಂಪೌಂಡರ್ ನನ್ನ ಕಿವಿಯ ಹತ್ತಿರ ಬಂದು, "ಕಪಾಟಿನ ಒಳಗಿಂದ ಒಮ್ಮೊಮ್ಮೆ ಪಳಕ್ ಅಂತ ಸದ್ದು ಬರ್ತೈತ್ರಿ. ಏನೋ ಹೊರಳಿದಂಗೆ. ನಾನಂತೂ ತೆಗೆಯಲ್ಲ," ಅಂದ.

ತೆಗೆಯಲು ಬರುತ್ತಲೂ ಇರಲಿಲ್ಲ. ಒಸರಿದ ನೀರಿಗೆ ಮರ ಉಬ್ಬಿ ಕಪಾಟಿನ ಬಾಗಿಲು ಎರಡು ತಿಂಗಳಿಂದ ಕಚ್ಚಿಕೊಂಡಿತ್ತು. ಬೆಂಚಿನಲ್ಲಿದ್ದ ಐದೂ ಜನ ಎದ್ದು ಹೊಸಿಲ ಹೊರಗೆ ನಿಂತರು. ಉಳಿ ಕೊಟ್ಟು ಮೀಟಿದೆ. ಕಿರ್ ಅಂತ ತೆರೆಯಿತು. ಒಳಗೆ ಕಗ್ಗತ್ತಲೆ, ಪಾಚಿ ವಾಸನೆ. ಬ್ಯಾಟರಿ ಬೆಳಕು ಬಿಟ್ಟೆ. ಕತ್ತಲೆಯೊಳಗಿಂದ ಕಣ್ಣುಗಳು. ಎರಡಲ್ಲ, ನಾಲ್ಕಲ್ಲ; ಸಾಲಾಗಿ, ರೆಪ್ಪೆ ಬಡಿಯದೆ, ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಬ್ಯಾಟರಿ ಕೈಯಿಂದ ಜಾರಿ ಸಂಪಿಗೆ ಬಿತ್ತು. ಪಳಕ್ ಪಳಕ್ ಅಂತ ನೀರು ನನ್ನ ಮುಖಕ್ಕೆ ಹಾರಿತು.

ಮೇಲಿನ ಪೈಪಿನ ಬಾಯಿಗಿದ್ದ ಜಾಲರಿ ಎಂದೋ ಬಿದ್ದುಹೋಗಿತ್ತು. ಮೀನುಗಳು ಒಂದೊಂದಾಗಿ ಪೈಪಿನಲ್ಲಿ ಜಾರಿ ಕೆಳಗೆ ಬಂದು, ಮೇಲಿಂದ ಉದುರುವ ಕಾಳೆಲ್ಲ ತಾವೇ ತಿಂದು ಅಂಗೈಗಾತ್ರ ಕೊಬ್ಬಿ ಕೂತಿದ್ದವು. ಬಕೆಟ್ಟಿಗೆ ಹಿಡಿದು ಹಾಕಿದೆ. ಕಾಂಪೌಂಡರ್ ಗಟ್ಟಿಯಾಗಿ ಎಣಿಸಿದ. ಏಳಕ್ಕೆ ಏಳೂ ಇದ್ದವು. ಹೊಸ ವಾಷರ್, ಹೊಸ ಜಾಲರಿ ಹಾಕಿ ಎಲ್ಲವನ್ನೂ ಮೇಲೆ ಬಿಟ್ಟಾಗ ಡಾಕ್ಟರಿಗೆ ಕಣ್ಣೀರೇ ಬಂತು.

ಹೊಸಿಲಲ್ಲಿ ನಿಂತಿದ್ದ ಒಬ್ಬ ಅಜ್ಜಿ ಕೈಮುಗಿದು ಅಂದಳು: "ನಿಮ್ಮ ಪುಣ್ಯ ದೊಡ್ಡದು ಡಾಕ್ಟ್ರೇ. ಈ ಶಾಪಿಗೆ ಬಂದು ಹೋದೋರು ವಾಪಸ್ ಬಂದದ್ದು ಇದೇ ಮೊದಲು."

ಬೀಗ ಹಾಕಿದ ಮನೆ

ಶಾಮನೂರಿನ ಕಡೆ ಹೊಲಗಳನ್ನು ಸೈಟು ಮಾಡಿ ಮನೆ ಕಟ್ಟುತ್ತಿದ್ದ ಕಾಲ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಶಾಲೆ ಮೇಷ್ಟ್ರುಗಳು, ಸಾಲ ಸೋಲ ಮಾಡಿ ಹೊಸ ಮನೆ ಕಟ್ಟಿಸಿದ್ದರು. ಮಕ್ಕಳಿರಲಿಲ್ಲ. ಮನೆಯೊಳಗೆ ಜೀವ ಓಡಾಡಲಿ ಅಂತ ಮೀನಿನ ತೊಟ್ಟಿ ಹಾಕಿಸಿದ್ದರು.

ಬೆಳಿಗ್ಗೆ ಬೀಗ ಹಾಕಿಕೊಂಡು ಹೋಗುತ್ತಿದ್ದರು. ವಾಪಸ್ ಬಂದಾಗ ತೊಟ್ಟಿಯ ಸುತ್ತ ನೆಲ ಒದ್ದೆ. ಆ ಒದ್ದೆಯಿಂದ ಹೆಜ್ಜೆ ಗುರುತು ಹೊರಟು ಸೀದಾ ದೇವರ ಮನೆಗೆ ಹೋಗುತ್ತಿದ್ದವು. ಪುಟ್ಟ ಹೆಜ್ಜೆ. ಐದು ಬೆರಳು. ಎರಡು ಮೂರು ವರ್ಷದ ಕೂಸಿನ ಪಾದದಷ್ಟು. ದೇವರ ಮುಂದಿಟ್ಟ ಬಾಳೆಹಣ್ಣು ಇರುತ್ತಿರಲಿಲ್ಲ. ಬೀಗ ಮಾತ್ರ ಹಾಕಿದ ಹಾಗೇ ಇರುತ್ತಿತ್ತು.

ಮೇಷ್ಟ್ರು ನನ್ನ ಹತ್ತಿರ ಬಂದು ಹೇಳಿದರು: "ಈ ಜಾಗದಾಗೆ ಮೊದಲು ಬಾವಿ ಇತ್ತಂತೆ. ಅಕ್ಕಪಕ್ಕದೋರು ಏನೇನೋ ಹೇಳಕತ್ತಾರೆ. ನಮ್ಮ ಮನೆಯಾಕೆ ಟ್ರಂಕು ಕಟ್ಟಿ ಇಟ್ಟಾಳೆ. ಸೋಮವಾರ ತವರಿಗೆ ಹೋಗ್ತೀನಿ, ಮತ್ತೆ ಈ ಮನೆಗೆ ಕಾಲಿಡಲ್ಲ ಅಂತಾಳೆ. ನೀವು ಸೋರೋದು ನಿಲ್ಲಿಸಿ ಕೊಟ್ರೆ ಆಕಿಗೆ ಒಂಚೂರು ಧೈರ್ಯ ಬರ್ತೈತೆ."

ಹೋಗಿ ನೋಡಿದೆ. ಅವರು ಮನೆಯಲ್ಲಿದ್ದಾಗ ಒಂದು ಹನಿಯೂ ಸೋರುವುದಿಲ್ಲ. ಮನೆ ಖಾಲಿ ಇದ್ದಾಗ ಮಾತ್ರ ಸೋರುವ ಫಿಟ್ಟಿಂಗು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಕೊನೆಗೆ, ಶನಿವಾರ ಬೆಳಗಿನ ಶಾಲೆ ಇದ್ದ ದಿನ, ನಾನು ಒಳಗೆ ಕೂರುವುದು, ಅವರು ಎಂದಿನ ಹಾಗೆ ಹೊರಗಿಂದ ಬೀಗ ಹಾಕಿಕೊಂಡು ಹೋಗುವುದು ಅಂತ ತೀರ್ಮಾನವಾಯಿತು. ಮೇಷ್ಟ್ರ ಹೆಂಡತಿ ಮೇಡಮ್ಮು ಹೊರಡುವಾಗ ನನ್ನ ಹಣೆಗೆ ವಿಭೂತಿ ಹಚ್ಚಿದರು. ಆ ವಿಭೂತಿಯಿಂದಲೇ ನನಗೆ ಹೆದರಿಕೆ ಶುರುವಾದದ್ದು.

ಏಳೂವರೆಗೆ ಬೀಗ ಬಿತ್ತು. ಗೋಡೆಗೆ ಒರಗಿ ತೊಟ್ಟಿಯ ಕಪಾಟಿನ ಪಕ್ಕ ಕೂತೆ. ಕಿಟಕಿ ಎಲ್ಲ ಮುಚ್ಚಿದ್ದವು. ಬೆಳಗಿನ ಬಿಸಿಲು ಸಂದಿಯಿಂದ ಬಂದು ನೆಲದ ಮೇಲೆ ಗೆರೆ ಎಳೆದಿತ್ತು. ಮೋಟರಿನ ಗುಂಯ್‌ಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಒಂಬತ್ತಕ್ಕೆ ಕರೆಂಟ್ ಹೋಯಿತು. ಮೋಟರು ನಿಂತಿತು. ನಿಂತ ಕೂಡಲೇ ಕಪಾಟಿನೊಳಗೆ ಗುಳುಗುಳು ಅಂತ ಯಾರೋ ನುಂಗಿದ ಹಾಗೆ ಸದ್ದು. ನೋಡನೋಡುತ್ತಿದ್ದ ಹಾಗೆ ಸಂಪು ತುಂಬಿ ಉಕ್ಕಿ, ನೀರು ನೆಲದ ಮೇಲೆ ಹಾವಿನ ಹಾಗೆ ಹರಿದು ಬಂದು ನನ್ನ ಪಾದ ಮುಟ್ಟಿತು.

ಓಹೋ ಅಂದುಕೊಂಡೆ; ಇಲ್ಲಿ ಕರೆಂಟ್ ಹೋಗುವುದು ಇವರು ಶಾಲೆಯಲ್ಲಿರುವ ಹೊತ್ತಿನಲ್ಲೇ. ಮೋಟರು ನಿಂತಾಗ ಮೇಲಿನ ನೀರು ಮೋಟರಿನ ಪೈಪಿನಲ್ಲೇ ಹಿಂದಕ್ಕೆ ಇಳಿಯುತ್ತಿದೆ. ಹಿಂದಕ್ಕೆ ಬಿಡದ ವಾಲ್ವು ಒಂದು ಹಾಕಿದರೆ ಮುಗಿಯಿತು. ಚೀಲದಲ್ಲಿತ್ತು. ಅಲ್ಲೇ ಪೈಪು ಕತ್ತರಿಸಿ ವಾಲ್ವು ಕೂರಿಸಿ, ಅಂಟು ಒಣಗಲಿ ಅಂತ ಬಿಟ್ಟೆ. ಒದ್ದೆಯ ಕಥೆ ಗೊತ್ತಾಯಿತು. ಹೆಜ್ಜೆ?

ಆಗ ಅಡುಗೆಮನೆಯ ಕಡೆಯಿಂದ ಕೇಳಿತು. ಥಪ್. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೆತ್ತಗೆ, ಬರಿಗಾಲಲ್ಲಿ, ಪಟ ಪಟ ಪಟ. ನಾನು ಉಸಿರು ಹಿಡಿದೆ. ಕಪಾಟಿನ ಆ ಕಡೆಯಿಂದ ಒಂದು ಪುಟ್ಟ ಕೈ ಬಂತು. ಕಪ್ಪು ಕೈ. ಐದು ಬೆರಳು. ಸಂಪಿನ ಅಂಚು ಹಿಡಿಯಿತು. ಆಮೇಲೆ ಮುದುಕರ ಹಾಗೆ ಸುಕ್ಕುಗಟ್ಟಿದ ಒಂದು ಮುಖ ಬಗ್ಗಿ, ನನ್ನ ಮುಖದಿಂದ ಮೊಳ ದೂರದಲ್ಲಿ ನಿಂತಿತು.

ನಾನು ಕೂಗಿದೆ. ಕೋತಿಯೂ ಕೂಗಿತು. ಯಾರು ಜೋರಾಗಿ ಕೂಗಿದೆವು ಅಂತ ಹೇಳಲಾರೆ. ಅದು ಗಾಬರಿಯಲ್ಲಿ ಸಿಕ್ಕಿದ್ದನ್ನು ಬಾಚಿಕೊಂಡು ಅಡುಗೆಮನೆಯ ಬೆಳಕಿಂಡಿಯ ಹರಿದ ಜಾಲರಿಯಿಂದ ಹಾರಿ ಹೋಯಿತು. ಸಿಕ್ಕಿದ್ದು ನನ್ನ ಪಾನಾ.

"ಅಯ್ಯೋ! ಕೊಡೋ! ಅದಿಲ್ಲದೆ ನಾನು ಹೆಂಗೆ ಬದುಕಲಿ!" ಅಂತ ಅರಚಿದೆ.

ಅರಚಬಾರದಾಗಿತ್ತು. ಬೀಗ ಹಾಕಿದ ಮನೆಯೊಳಗಿಂದ ಮಾತು ಬಂದರೆ ಬೀದಿ ಸುಮ್ಮನಿರುತ್ತದೆಯೇ? ಎರಡೇ ನಿಮಿಷಕ್ಕೆ ಹೊರಗೆ ಗುಂಪು ಸೇರಿತು. ಹೆಂಗಸರ ಪಿಸುಮಾತು, ಪೊರಕೆಯ ಸದ್ದು. ಆಮೇಲೆ ಒಬ್ಬ ಮುದುಕರ ಗಟ್ಟಿ ದನಿ. ಶಾಮನೂರಿನ ಹಳೇ ರೈತರು, ಇಂಥದರಲ್ಲಿ ಪಳಗಿದವರು ಅಂತ ಆಮೇಲೆ ತಿಳಿಯಿತು.

"ಯಾರು ಒಳಗೆ?"

"ನಾನ್ರಿ!"

"ನಾನು ಅಂದ್ರೆ ಯಾರು?"

"ಪ್ಲಂಬರ್!"

ಗುಂಪಿನಲ್ಲಿ ಯಾರೋ ಕೇಳಿದರು: "ಈ ಮನಿ ಕಟ್ಟೋವಾಗ ಪ್ಲಂಬರ್ ಯಾರಾದ್ರೂ ಸತ್ತಿದ್ನಾ?"

ಮುದುಕರು ಮುಂದುವರಿಸಿದರು. "ಯಾವೂರು ನಿಂದು?"

"ಆನಗೋಡು!"

"ಎಲ್ಲಿಂದ ಒಳಗ ಬಂದೆ?"

"ಬಾಗಿಲಿಂದ್ರಿ!"

"ಬಾಗಿಲಿಗೆ ಬೀಗ ಐತಲ್ಲ?"

"ನಾನು ಬಂದ ಮ್ಯಾಲೆ ಹಾಕಿದ್ರು!"

"ಹಾಂ," ಅಂದರು ಮುದುಕರು ಗುಂಪಿಗೆ. "ದಿಗ್ಬಂಧನ ಮಾಡ್ಯಾರೆ. ಅದಕ್ಕೇ ಹೋಗಾಕೆ ಆಗವಲ್ದು." ಮತ್ತೆ ನನಗೆ: "ಯಾಕ ಒದ್ದಾಡ್ತಿ? ಏನು ಆಸೆ ಉಳದೈತೆ?"

"ಪಾನಾ ಹೋತ್ರಿ!"

"ಪ್ರಾಣ ಹೋದದ್ದು ನಮಗೆ ಗೊತ್ತೈತೆ. ಈಗ ಏನು ಬೇಕು ಹೇಳು. ಮೊಸರನ್ನ ಕೊಟ್ರೆ ಹೋಗ್ತೀಯಾ?"

ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಇವರಿಗೆ ತಿಳಿಹೇಳುವುದು ನನ್ನ ಕೈಲಾಗುವುದಿಲ್ಲ ಅಂತಲೂ ಖಾತ್ರಿಯಾಗಿತ್ತು. "ಕೊಡ್ರಿ," ಅಂದೆ. "ಉಪ್ಪಿನಕಾಯಿ ಇದ್ರೆ ಹಾಕ್ರಿ."

ಕಿಟಕಿಯ ಒಂದು ಕದ ಕೋಲಿನಿಂದ ತಳ್ಳಿ ತೆರೆದರು. ಬಾಳೆಎಲೆಯ ಮೇಲೆ ಮೊಸರನ್ನ ಸರಳುಗಳ ನಡುವೆ ತೂರಿ ಬಂತು. ಕೊಟ್ಟ ಕೈ ಓಡಿಹೋಯಿತು. ಚೆನ್ನಾಗಿಯೇ ಇತ್ತು. ತಿಂದು ಎಲೆ ಹೊರಕ್ಕೆ ಹಾಕಿದೆ. ಖಾಲಿ ಎಲೆ ನೋಡಿ ಅರ್ಧ ಗುಂಪು ಚದುರಿತು. ಮುದುಕರು ಕದಲಲಿಲ್ಲ.

"ಉಂಡೆಯಲ್ಲ, ಇನ್ನು ಹೋಗಬೇಕು. ಹೋಗಿದ್ದಕ್ಕೆ ಗುರುತು ಏನು ಕೊಡ್ತಿ? ಕೊಂಬೆ ಮುರೀತೀಯೋ, ಕೊಡ ಉರುಳಿಸ್ತೀಯೋ?"

ನನಗೂ ಸಾಕಾಗಿತ್ತು. "ಇವತ್ತಿಂದ ಈ ಮನೆಯಾಗೆ ಒಂದು ಹನಿ ನೀರು ಸೋರಲ್ಲ! ಹೆಜ್ಜೆನೂ ಮೂಡಲ್ಲ! ಇದೇ ಗುರುತು!" ಅಂತ ಕೂಗಿದೆ.

"ಮಾತು ಕೊಟ್ಟೆ, ತಪ್ಪಬ್ಯಾಡ," ಅಂದು ಮುದುಕರು ಕೈಮುಗಿದು ಮನೆಗೆ ಹೋದರು.

ಮೇಷ್ಟ್ರು, ಮೇಡಮ್ಮು ಬಂದು ಬೀಗ ತೆಗೆದಾಗ ಎಲ್ಲ ಹೇಳಿದೆ. ಮೇಡಮ್ಮು ಬೆಳಕಿಂಡಿಯಲ್ಲಿ ಕೋತಿಯ ಕೂದಲು ಅಂಟಿದ್ದನ್ನು ಕಣ್ಣಾರೆ ನೋಡಿ, ಬಹಳ ದಿನಗಳ ಮೇಲೆ ನಕ್ಕರು. ನಕ್ಕು ನಕ್ಕು ಅಲ್ಲೇ ಟ್ರಂಕಿನ ಮೇಲೆ ಕೂತರು. ಸಂಜೆಯೊಳಗೆ ಹೊಸ ಜಾಲರಿ ಹೊಡೆದೆ. ಟ್ರಂಕು ಬಿಚ್ಚಿದರು.

ಹದಿನೈದು ದಿನ ಬಿಟ್ಟು ವಾಲ್ವು ಹೇಗಿದೆ ಅಂತ ನೋಡಲು ಆ ಬೀದಿಗೆ ಹೋದೆ. ಎದುರು ಮನೆಯ ಕಟ್ಟೆಯ ಮೇಲೆ ಆ ಮುದುಕರು ಕೂತಿದ್ದರು. ದನಿಯಿಂದ ನನಗೆ ಅವರ ಗುರುತು ಸಿಕ್ಕಿತು. ಅವರು ನನ್ನ ಮುಖ ನೋಡಿಯೇ ಇರಲಿಲ್ಲ. ಬಿಸಿಲಿಗೆ ಬಂದವನು ಅಂತ ಕೂಡ್ರಿಸಿ, ನೀರು ಕೊಟ್ಟು, ಆ ಪ್ಲಂಬರ್ ದೆವ್ವದ ಕಥೆಯನ್ನು ಮೊದಲಿಂದ ಕೊನೆಯವರೆಗೆ ನನಗೇ ಹೇಳಿದರು. ದೆವ್ವ ಮಾತು ಕೊಟ್ಟ ದಿನದಿಂದ ಒಂದು ಹನಿ ಸೋರಿಲ್ಲವಂತೆ, ಒಂದು ಹೆಜ್ಜೆ ಮೂಡಿಲ್ಲವಂತೆ.

"ಅಲ್ಲ ಅಜ್ಜಾರೆ, ಅಂವ ಸತ್ತೋನೇ ಅಂತ ನಿಮಗೆ ಹೆಂಗೆ ಗೊತ್ತು? ಬದುಕಿರೋ ಪ್ಲಂಬರೇ ಯಾಕಿರಬಾರದು?" ಅಂತ ಕೇಳಿದೆ.

ಮುದುಕರು ನನ್ನನ್ನು ಕನಿಕರದಿಂದ ನೋಡಿದರು.

"ಸೋರಲ್ಲ ಅಂದ, ಸೋರಲಿಲ್ಲ. ಇಷ್ಟು ವಯಸ್ಸಾತು ನಿನಗೆ, ಬದುಕಿರೋ ಪ್ಲಂಬರ್ ಯಾವನಾದ್ರೂ ಹಿಂಗ ಮಾತು ಉಳಿಸ್ಕೊಂಡಿದ್ದು ನೋಡೀಯೇನಪ್ಪ?"